ಬೆಂಕಿಗೆ ಮುನ್ನ ಬಾವಿ: ಶಿಕಾಗೊ ಅಗ್ನಿಶಾಮಕ ದಳದ ಚರಿತ್ರೆ

ಶಿಕಾಗೊ ನಗರದ ಡಿ ಕೋವೆನ್ ಎಂಬ ಸಣ್ಣ ಬೀದಿಯಲ್ಲಿ ಕೆಂಪು ಇಟ್ಟಿಗೆಯ ಒಂದು ಕಟ್ಟಡವಿದೆ. ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದವರು ಏಣಿ ಹತ್ತುವುದನ್ನೂ ನೀರಿನ ಕೊಳವೆ ಹಿಡಿಯುವುದನ್ನೂ ಹೊಗೆಯೊಳಗೆ ದಾರಿ ಹುಡುಕುವುದನ್ನೂ ಕಲಿಯುವ ಶಾಲೆ ಅದು. ಎದುರಿಗೆ ಜ್ವಾಲೆಯ ಆಕಾರದ ಕಂಚಿನ ಶಿಲ್ಪವೊಂದು ಮೇಲಕ್ಕೆ ಚಾಚಿ ನಿಂತಿದೆ. 1871ರ ಅಕ್ಟೋಬರ್ 8ರ ಭಾನುವಾರ ರಾತ್ರಿ ಇದೇ ನೆಲದಲ್ಲಿ ಓಲಿಯರಿ ಎಂಬ ಬಡ ಐರಿಷ್ ಕುಟುಂಬದ ದನದ ಕೊಟ್ಟಿಗೆಯಿತ್ತು. ಅಲ್ಲಿ ಹೊತ್ತಿದ ಬೆಂಕಿ ಎರಡು ದಿನಗಳಲ್ಲಿ ನಗರದ ಹೃದಯಭಾಗವನ್ನೇ ಬೂದಿ ಮಾಡಿತು. ಬೆಂಕಿ ಹುಟ್ಟಿದ ಸ್ಥಳದಲ್ಲೇ ಬೆಂಕಿ ಆರಿಸುವ ವಿದ್ಯೆಯ ಪಾಠಶಾಲೆ ಕಟ್ಟಿದ ನಗರ ಇದು. ಅದರ ಧ್ವಜದಲ್ಲಿರುವ ನಾಲ್ಕು ಕೆಂಪು ನಕ್ಷತ್ರಗಳಲ್ಲಿ ಒಂದು ಆ ದೊಡ್ಡ ಬೆಂಕಿಯ ನೆನಪಿಗೇ ಮೀಸಲು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಶಿಕಾಗೊ ಅಗ್ನಿಶಾಮಕ ದಳದ ಇತಿಹಾಸವನ್ನು ಓದುತ್ತ ಹೋದಂತೆ ಈ ಗಾದೆ ಮತ್ತೆ ಮತ್ತೆ ನೆನಪಾಗುತ್ತದೆ. ಅದು ಸಾಹಸದ ಇತಿಹಾಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಳಗೆ ಇನ್ನೊಂದು ಎಳೆಯೂ ಇದೆ. ಬೆಂಕಿಯ ಒಳಕ್ಕೆ ನುಗ್ಗಿದವರೇ ಎಷ್ಟೋ ಸಲ ಅದಕ್ಕೆ ಮೊದಲು ಎಚ್ಚರಿಕೆ ಕೊಟ್ಟಿದ್ದರು. ಆ ಮಾತು ಕೇಳಿಸಿದ್ದು ಹೆಣಗಳನ್ನು ಎಣಿಸಿದ ಮೇಲೆ.

ಬಕೆಟ್ಟಿನಿಂದ ಉಗಿಯಂತ್ರದವರೆಗೆ

1837ರಲ್ಲಿ ಶಿಕಾಗೊ ನಗರವೆಂಬ ಹೆಸರು ಪಡೆದಾಗ ಅಲ್ಲಿದ್ದವರು ಸುಮಾರು ನಾಲ್ಕು ಸಾವಿರ ಜನ. ಬೆಂಕಿ ಆರಿಸುವುದು ಊರಿನ ಸ್ವಯಂಸೇವಕರ ಕೆಲಸವಾಗಿತ್ತು. ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುವುದು, ಕೈಪಂಪನ್ನು ಹತ್ತಾರು ಜನ ಸೇರಿ ಒತ್ತುವುದು, ಇಷ್ಟೇ ಅವರ ಸಾಮರ್ಥ್ಯ. ಒಂದೊಂದು ತಂಡಕ್ಕೂ ಒಂದೊಂದು ಹೆಸರು, ಒಂದೊಂದು ಸಮವಸ್ತ್ರ, ಪರಸ್ಪರ ಪೈಪೋಟಿ. ಊರು ಬೆಳೆದ ವೇಗಕ್ಕೆ ಈ ವ್ಯವಸ್ಥೆ ಸಾಲದಾಯಿತು.

1857ರ ಅಕ್ಟೋಬರ್ 19ರಂದು ಸೌತ್ ವಾಟರ್ ಬೀದಿಯ ವ್ಯಾಪಾರ ಮಳಿಗೆಗಳಿಗೆ ಬೆಂಕಿ ಬಿತ್ತು. ಸ್ವಯಂಸೇವಕ ಅಗ್ನಿಶಾಮಕರೂ ಸೇರಿ 23 ಮಂದಿ ಸತ್ತರು. ಮರುವರ್ಷವೇ ನಗರಕ್ಕೆ ಮೊದಲ ಉಗಿಯಂತ್ರ ಬಂದಿತು. ಆಗಿನ ಮೇಯರ್ ಜಾನ್ ವೆಂಟ್ವರ್ತ್ ಬಹಳ ಎತ್ತರದ ಆಳು; ಅವರ ಅಡ್ಡಹೆಸರಿನಿಂದಲೇ ಯಂತ್ರವನ್ನೂ 'ಲಾಂಗ್ ಜಾನ್' ಎಂದು ಕರೆದರು. ಯಂತ್ರ ಬಂದರೆ ತಮ್ಮ ಮರ್ಯಾದೆ ಹೋಗುತ್ತದೆಂದು ಸ್ವಯಂಸೇವಕರು ಪ್ರತಿಭಟಿಸಿದರು. ಆದರೂ 1858ರಲ್ಲಿ ಸಂಬಳದ ಅಗ್ನಿಶಾಮಕ ದಳ ಸ್ಥಾಪನೆಯಾಯಿತು. ಡೆನಿಸ್ ಸ್ವೀನಿ ಅದರ ಮೊದಲ ಮುಖ್ಯಸ್ಥರಾದರು.

ದಣಿದ ದಳ, ಒಣಗಿದ ನಗರ

1870ರ ಹೊತ್ತಿಗೆ ನಗರದ ಜನಸಂಖ್ಯೆ ಮೂರು ಲಕ್ಷದ ಹತ್ತಿರ ಬಂದಿತ್ತು. ಮನೆಗಳು ಮರದವು, ಕಾಲುದಾರಿಗಳು ಮರದವು, ಕೆಲವು ಮುಖ್ಯ ರಸ್ತೆಗಳಿಗೆ ಹಾಸಿದ್ದೂ ಮರದ ತುಂಡುಗಳೇ. ಇಷ್ಟನ್ನು ಕಾಯಲು ಇದ್ದದ್ದು ಸುಮಾರು 185 ಅಗ್ನಿಶಾಮಕರು ಮತ್ತು 17 ಉಗಿಯಂತ್ರಗಳು. ದಳದ ಮುಖ್ಯಸ್ಥರಾದ ರಾಬರ್ಟ್ ವಿಲಿಯಮ್ಸ್ ಹೆಚ್ಚು ಜನ ಬೇಕು, ದೊಡ್ಡ ನೀರಿನ ಕೊಳವೆಗಳು ಬೇಕು, ಕಟ್ಟಡಗಳ ತಪಾಸಣೆ ಬೇಕು ಎಂದು ನಗರಸಭೆಯನ್ನು ಕೇಳಿದ್ದರು. ತೆರಿಗೆ ಹೆಚ್ಚಿಸಲು ಮನಸ್ಸಿಲ್ಲದ ಸಭೆ ಕಿವಿಗೊಡಲಿಲ್ಲ.

1871ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಜುಲೈ ಮೊದಲ ವಾರದಿಂದ ಅಕ್ಟೋಬರ್‌ವರೆಗೆ ಬಿದ್ದದ್ದು ಸುಮಾರು ಒಂದು ಅಂಗುಲ. ಅಕ್ಟೋಬರ್ 7ರ ಶನಿವಾರ ರಾತ್ರಿ ನಗರದ ಪಶ್ಚಿಮ ಭಾಗದಲ್ಲಿ ದೊಡ್ಡ ಬೆಂಕಿ ಎದ್ದು, ಅಗ್ನಿಶಾಮಕರು ಭಾನುವಾರ ಮಧ್ಯಾಹ್ನದವರೆಗೆ ಅದರೊಡನೆ ಹೋರಾಡಿದರು. ಹೊಗೆಗೆ ಊದಿಕೊಂಡ ಕಣ್ಣು, ಹರಿದ ಕೊಳವೆ, ದಣಿದ ಕುದುರೆಗಳೊಡನೆ ಠಾಣೆಗೆ ಮರಳಿ ಕೆಲವೇ ಗಂಟೆ ಕಳೆದಿತ್ತು. ಓಲಿಯರಿಯವರ ಕೊಟ್ಟಿಗೆ ಹೊತ್ತಿಕೊಂಡಿತು.

ಆಗ ನ್ಯಾಯಾಲಯದ ಗೋಪುರದ ಮೇಲೆ ನಿಂತು ಬೆಂಕಿಯನ್ನು ಕಾಯುವ ಕಾವಲುಗಾರನಿರುತ್ತಿದ್ದ. ಹಿಂದಿನ ರಾತ್ರಿಯ ಬೆಂಕಿಯ ಹೊಗೆ ಇನ್ನೂ ಆಡುತ್ತಿದ್ದುದರಿಂದ ಅವನಿಗೆ ಅಂದಾಜು ತಪ್ಪಿತು. ನಿಜವಾದ ಸ್ಥಳದಿಂದ ಸುಮಾರು ಒಂದು ಮೈಲಿ ಆಚೆಯ ಪೆಟ್ಟಿಗೆಯ ಸಂಖ್ಯೆಯನ್ನು ಸೂಚಿಸಿದ. ತಪ್ಪು ಅರಿವಾಗಿ ತಿದ್ದಲು ಕೇಳಿದಾಗ, ಮತ್ತೊಂದು ಸಂಕೇತ ಕಳಿಸಿದರೆ ಗೊಂದಲವಾದೀತೆಂದು ತಂತಿಯ ನೌಕರ ಒಪ್ಪಲಿಲ್ಲ. ಯಂತ್ರಗಳು ಬೇರೆಡೆಗೆ ಓಡಿದವು. ಆ ಗಾಳಿಯಲ್ಲಿ ಒಂದೊಂದು ನಿಮಿಷವೂ ಒಂದೊಂದು ಬೀದಿಯಷ್ಟು ಬೆಲೆಯದಾಗಿತ್ತು.

ಬೆಂಕಿ ನದಿ ದಾಟಿತು. ಸೋಮವಾರ ಮುಂಜಾನೆ ಮೂರು ಗಂಟೆ ದಾಟಿದ ಹೊತ್ತಿಗೆ ನೀರಿನ ಪಂಪುಗಳಿದ್ದ ಕಟ್ಟಡದ ಚಾವಣಿಯೇ ಉರಿದು ಕುಸಿಯಿತು. ಅಲ್ಲಿಗೆ ಹೋರಾಟ ಮುಗಿಯಿತು. ಕೈಯಲ್ಲಿ ಕೊಳವೆ ಇದೆ, ಯಂತ್ರದಲ್ಲಿ ಉಗಿ ಇದೆ, ನೀರು ಮಾತ್ರ ಇಲ್ಲ. ಎದುರಿಗೇ ಮಿಶಿಗನ್ ಎಂಬ ಸಿಹಿನೀರಿನ ಸಮುದ್ರ! ಕೊನೆಗೆ ಮಂಗಳವಾರ ಬೆಳಗಿನ ಜಾವದ ಮಳೆ ಉಳಿದ ನಗರವನ್ನು ಕಾಪಾಡಿತು. ಸತ್ತವರು ಸುಮಾರು 300. ಮನೆ ಕಳೆದುಕೊಂಡವರು ಒಂದು ಲಕ್ಷ. ನಾಶವಾದ ಕಟ್ಟಡಗಳು 17,000ಕ್ಕೂ ಹೆಚ್ಚು.

ತಪ್ಪು ಯಾರದು ಎಂಬ ಪ್ರಶ್ನೆಗೆ ನಗರ ಸುಲಭದ ಉತ್ತರ ಕಂಡುಕೊಂಡಿತು. ಕ್ಯಾಥರೀನ್ ಓಲಿಯರಿಯ ಹಸು ಲಾಂದ್ರವನ್ನು ಒದ್ದು ಬೀಳಿಸಿತು ಎಂಬ ಕಥೆ ಪತ್ರಿಕೆಗಳಲ್ಲಿ ಹಬ್ಬಿತು. ಆಕೆ ಬಡವಿ, ಹೆಂಗಸು, ವಲಸೆ ಬಂದವಳು. ಬೆರಳು ತೋರಿಸಲು ಇನ್ನೇನು ಬೇಕು? ಬೆಂಕಿಯ ಕಾರಣ ಇಂದಿಗೂ ಸಿದ್ಧಪಟ್ಟಿಲ್ಲ. ಆಕೆ ಆ ಅಪವಾದವನ್ನು ಹೊತ್ತುಕೊಂಡೇ ಸತ್ತಳು. ಶಿಕಾಗೊ ನಗರಸಭೆ ಆಕೆಯನ್ನು ವಿಧ್ಯುಕ್ತವಾಗಿ ದೋಷಮುಕ್ತಗೊಳಿಸಿದ್ದು 1997ರಲ್ಲಿ. ಪರದೇಶದಲ್ಲಿ ಬಾಳು ಕಟ್ಟಿಕೊಂಡಿರುವ ನಾವು ಈ ಪ್ರಸಂಗವನ್ನು ನೆನಪಿಡುವುದು ಒಳ್ಳೆಯದು.

ಅಷ್ಟಾದರೂ ನಗರ ಪೂರ್ತಿ ಕಲಿಯಲಿಲ್ಲ. 1874ರ ಜುಲೈ 14ರಂದು ಮತ್ತೊಂದು ಬೆಂಕಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಆಗ ವಿಮಾ ಕಂಪನಿಗಳ ಒಕ್ಕೂಟ, ಸುಧಾರಣೆಯಾಗದಿದ್ದರೆ ನಗರವನ್ನೇ ಬಿಟ್ಟು ಹೋಗುತ್ತೇವೆ ಎಂದು ಪಟ್ಟು ಹಿಡಿಯಿತು. ಮರದ ಕಟ್ಟಡಗಳ ಮೇಲಿನ ನಿರ್ಬಂಧ ಬಿಗಿಯಾದದ್ದು, ದಳದ ಪುನರ್ರಚನೆ ನಡೆದದ್ದು ಆ ಬಳಿಕ. ಅಗ್ನಿಶಾಮಕರ ಮಾತಿಗೆ ಸಿಗದ ಬೆಲೆ ವಿಮೆಯ ಲೆಕ್ಕಕ್ಕೆ ಸಿಕ್ಕಿತು.

ಇಪ್ಪತ್ತೊಂದನೆಯ ತುಕಡಿಯ ಕಂಬ

1872ರಲ್ಲಿ ಆಫ್ರಿಕನ್ ಅಮೆರಿಕನ್ ಅಗ್ನಿಶಾಮಕರ ಒಂದು ತುಕಡಿಯನ್ನು ನಗರ ರಚಿಸಿತು. ಅದರ ಸಂಖ್ಯೆ 21. ನಾಯಕತ್ವ ಮಾತ್ರ ಬಿಳಿಯ ಅಧಿಕಾರಿಯದು. ಒಮ್ಮೆ ಮೇಲಿನ ಮಹಡಿಯಲ್ಲಿ ಹುಲ್ಲು ಒಟ್ಟುತ್ತಿದ್ದಾಗ ಗಂಟೆ ಬಾರಿಸಿತು. ಜಾರ್ಜ್ ರೀಡ್ ಎಂಬ ಅಗ್ನಿಶಾಮಕ ಮೆಟ್ಟಿಲಿನ ಕಡೆ ಓಡದೆ, ಅಲ್ಲೇ ಇದ್ದ ಹುಲ್ಲಿನ ಗಳುವನ್ನು ಹಿಡಿದು ಸರ್ರನೆ ಕೆಳಕ್ಕೆ ಜಾರಿದ. ಇದನ್ನು ಕಂಡ ಕ್ಯಾಪ್ಟನ್ ಡೇವಿಡ್ ಕೆನ್ಯನ್ 1878ರಲ್ಲಿ ಪೈನ್ ಮರದ ಕಂಬವೊಂದನ್ನು ನಯಮಾಡಿಸಿ, ಮಹಡಿಗೆ ತೂತು ಕೊರೆದು ನಿಲ್ಲಿಸಿದರು. ಉಳಿದ ತುಕಡಿಗಳು ಮೊದಲು ನಕ್ಕವು. 21ನೆಯ ತುಕಡಿಯೇ ಮೊದಲು ಬೆಂಕಿಯ ಸ್ಥಳ ತಲಪತೊಡಗಿದಾಗ ನಗು ನಿಂತಿತು. ಮಕ್ಕಳ ಚಿತ್ರಪುಸ್ತಕಗಳಲ್ಲಿ ಇಂದು ನಾವು ಕಾಣುವ ಜಾರುಕಂಬ ಹುಟ್ಟಿದ್ದು ಹೀಗೆ. ಇಂಥ ಕಾಣಿಕೆ ಕೊಟ್ಟವರಿಗೆ ದಳ ಸಮಾನ ಸ್ಥಾನವನ್ನು ಬೇಗ ಕೊಡಲಿಲ್ಲವೆಂಬುದನ್ನೂ ಹೇಳಬೇಕು. ಬಹುಕಾಲ ಕಪ್ಪು ಅಗ್ನಿಶಾಮಕರನ್ನು ಪ್ರತ್ಯೇಕ ತುಕಡಿಗಳಲ್ಲೇ ಇರಿಸಲಾಗಿತ್ತು.

ಮೇಳದ ಗೋಪುರ

1893ರ ಶಿಕಾಗೊ ವಿಶ್ವಮೇಳ ಎಂದೊಡನೆ ನಮಗೆ ನೆನಪಾಗುವವರು ಸ್ವಾಮಿ ವಿವೇಕಾನಂದರು. ಹಿಂದಿನ ವರ್ಷವಷ್ಟೇ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಅವರು ಆ ಜುಲೈ ಕೊನೆಯಲ್ಲಿ ಶಿಕಾಗೊ ತಲಪಿದರು. ಅದಕ್ಕೆ ಕೆಲವೇ ವಾರಗಳ ಮುಂಚೆ, ಜುಲೈ 10ರಂದು, ಮೇಳದ ಆವರಣದಲ್ಲಿ ಒಂದು ದುರಂತ ನಡೆದಿತ್ತು.

ಮಂಜುಗಡ್ಡೆ ತಯಾರಿಸುತ್ತಿದ್ದ ಶೀತಲಗೃಹದ ಹೊಗೆಕೊಳವೆಯನ್ನು ಚೆಂದ ಕಾಣಲೆಂದು ಮರದ ಎತ್ತರದ ಗೋಪುರದಿಂದ ಮುಚ್ಚಿದ್ದರು. ಆ ಕಟ್ಟಡ ಅಪಾಯಕಾರಿ ಎಂದು ಮೇಳದ ಅಗ್ನಿಶಾಮಕ ಮುಖ್ಯಸ್ಥರು ಮೊದಲೇ ಹೇಳಿದ್ದರು. ಅಂದು ಗೋಪುರದ ತುದಿಯಲ್ಲಿ ಬೆಂಕಿ ಕಂಡು ಅಗ್ನಿಶಾಮಕರು ಮೇಲೇರಿದರು. ಕಿಡಿಗಳು ಒಳಗಿನಿಂದ ಜಾರಿ ಕೆಳಗೆ ಬಿದ್ದು, ಅವರ ಕಾಲ ಬುಡದಲ್ಲೇ ಬೆಂಕಿ ಎದ್ದಿತು. ಮೇಳ ನೋಡಲು ಬಂದ ಸಾವಿರಾರು ಜನರ ಕಣ್ಣೆದುರಿಗೆ, ಕೆಲವರು ಹಗ್ಗ ಮತ್ತು ಕೊಳವೆ ಹಿಡಿದು ಜಾರಿದರು, ಕೆಲವರು ಹಾರಿದರು. 12 ಮಂದಿ ಅಗ್ನಿಶಾಮಕರು ಸತ್ತರು.

ಎರಡು ತಿಂಗಳ ಬಳಿಕ, ಸೆಪ್ಟೆಂಬರ್ 11ರಂದು, ವಿವೇಕಾನಂದರು ಮಾತನಾಡಿದ್ದು ಮೇಳದ ಆವರಣದಲ್ಲಲ್ಲ; ಪೇಟೆಯ ನಡುವೆ ಈಗ ಆರ್ಟ್ ಇನ್‌ಸ್ಟಿಟ್ಯೂಟ್ ಇರುವ ಕಟ್ಟಡದಲ್ಲಿ. ಅದರ ಪಕ್ಕದ ಗ್ರಾಂಟ್ ಪಾರ್ಕಿನ ಒಂದು ಭಾಗ, 1871ರ ಬೆಂಕಿಯ ಅವಶೇಷಗಳನ್ನು ಸರೋವರಕ್ಕೆ ಸುರಿದು ತುಂಬಿಸಿದ ನೆಲ. ಆ ಕಟ್ಟಡವನ್ನು ನೋಡಲು ಹೋಗುವ ನಮ್ಮವರು ಅಲ್ಲಿ ನಡೆದಾಡುವುದು ಹಳೆಯ ಶಿಕಾಗೊದ ಸುಟ್ಟ ಇಟ್ಟಿಗೆಗಳ ಮೇಲೆ.

ತೆರೆಯದ ಬಾಗಿಲುಗಳು

1903ರ ನವೆಂಬರ್‌ನಲ್ಲಿ ರಾಂಡಾಲ್ಫ್ ಬೀದಿಯಲ್ಲಿ ಇರೊಕ್ವಾಯ್ ಎಂಬ ಭವ್ಯ ನಾಟಕಮಂದಿರ ತೆರೆಯಿತು. ಬೆಂಕಿ ತಾಗದ ಕಟ್ಟಡ ಎಂದು ಅದರ ಮಾಲೀಕರು ಜಾಹೀರಾತು ಕೊಟ್ಟಿದ್ದರು. ತೆರೆಯುವ ಮೊದಲೇ ಅದನ್ನು ನೋಡಿಬಂದ ಅಗ್ನಿಶಾಮಕ ಕ್ಯಾಪ್ಟನ್ ಪ್ಯಾಟ್ರಿಕ್ ಜೆನ್ನಿಂಗ್ಸ್ ಅವರಿಗೆ, ನೀರು ಚಿಮುಕಿಸುವ ವ್ಯವಸ್ಥೆಯಾಗಲೀ ಕರೆಗಂಟೆಯಾಗಲೀ ಅಲ್ಲಿಲ್ಲವೆಂದು ತಿಳಿದುಬಂದಿತು. ಮೇಲಧಿಕಾರಿಗೆ ತಿಳಿಸಿದರು. ನಮ್ಮಿಂದ ಆಗುವುದೇನೂ ಇಲ್ಲ ಎಂಬರ್ಥದ ಉತ್ತರ ಸಿಕ್ಕಿತು.

ಡಿಸೆಂಬರ್ 30ರ ಮಧ್ಯಾಹ್ನ ಕ್ರಿಸ್‌ಮಸ್ ರಜೆಯ ಪ್ರದರ್ಶನ. ಸಭಾಂಗಣದ ತುಂಬ ತಾಯಂದಿರು, ಮಕ್ಕಳು. ರಂಗದ ಮೇಲಿನ ವಿದ್ಯುದ್ದೀಪದ ಕಿಡಿ ಪರದೆಗೆ ತಾಗಿತು. ಕಾವಲಿಗಿದ್ದವನ ಕೈಯಲ್ಲಿದ್ದದ್ದು ಪುಡಿ ತುಂಬಿದ ಕೊಳವೆಗಳು ಮಾತ್ರ. ಬೆಂಕಿ ತಡೆಯಬೇಕಾದ ಕಲ್ನಾರಿನ ಪರದೆ ಅರ್ಧದಲ್ಲೇ ಸಿಕ್ಕಿಕೊಂಡಿತು. ನಟರು ಹೊರಗೋಡಲು ಹಿಂಬಾಗಿಲು ತೆರೆದಾಗ ಗಾಳಿ ನುಗ್ಗಿ, ಬೆಂಕಿಯ ಉಂಡೆ ಬಾಲ್ಕನಿಗೆ ಹಾರಿತು. ಕೆಲವು ಬಾಗಿಲುಗಳ ಮೇಲೆ ಅಲಂಕಾರದ ಪರದೆ, ಕೆಲವಕ್ಕೆ ಯಾರೂ ಕಂಡರಿಯದ ಅಗುಳಿ, ಮೆಟ್ಟಿಲ ಬಳಿಯ ಕಬ್ಬಿಣದ ಗೇಟುಗಳಿಗೆ ಬೀಗ. ಕೆಲವು ಬಾಗಿಲುಗಳು ಒಳಮುಖವಾಗಿ ತೆರೆಯುವಂಥವು; ಹಿಂದಿನಿಂದ ಜನ ಒತ್ತಿದಷ್ಟೂ ಅವು ಇನ್ನಷ್ಟು ಬಿಗಿಯಾದವು. ಅಗ್ನಿಶಾಮಕರು ಬೆಂಕಿಯನ್ನು ಬೇಗನೆ ಆರಿಸಿದರು. ಒಳಗೆ ಹೋದಾಗ ಅವರಿಗೆ ಎದುರಾದದ್ದು ಬಾಗಿಲ ಬಳಿಯ ಹೆಣಗಳ ರಾಶಿ. ಸತ್ತವರು 600ಕ್ಕೂ ಹೆಚ್ಚು. ಆ ಸಾವುಗಳಿಗಾಗಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಅಂದು ಆ ನಾಟಕಕ್ಕೆ ಹೋಗಬೇಕಿದ್ದು ತಪ್ಪಿಸಿಕೊಂಡವರಲ್ಲಿ ಕಾರ್ಲ್ ಪ್ರಿಂಜ್ಲರ್ ಎಂಬ ಹಾರ್ಡ್‌ವೇರ್ ವ್ಯಾಪಾರಿಯೂ ಒಬ್ಬರು. ಮೈಭಾರ ಬಿದ್ದೊಡನೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲು ಅವರ ಯೋಚನೆಯಿಂದ ರೂಪುಗೊಂಡಿತು. ಯುಗಾದಿ, ರಾಜ್ಯೋತ್ಸವಗಳಿಗೆ ನಾವು ಬಾಡಿಗೆಗೆ ಪಡೆಯುವ ಪ್ರತಿಯೊಂದು ಶಾಲಾ ಸಭಾಂಗಣದಲ್ಲೂ ಅಂಥ ಪಟ್ಟಿಯಿದೆ. ಅದನ್ನು ತಳ್ಳಿ ಹೊರಗೆ ಬರುವಾಗ ನಮ್ಮ ಕೈ ತಾಗುವುದು 1903ರ ಆ ಮಧ್ಯಾಹ್ನಕ್ಕೆ.

ಮುಖ್ಯಸ್ಥನೂ ಮರಳದ ದಿನ

1910ರ ಡಿಸೆಂಬರ್ 22ರ ನಸುಕಿನಲ್ಲಿ, ಶಿಕಾಗೊದ ಹೆಸರಾಂತ ಮಾಂಸೋದ್ಯಮದ ಕೇಂದ್ರವಾಗಿದ್ದ ಸ್ಟಾಕ್‌ಯಾರ್ಡಿನ ಗೋದಾಮೊಂದಕ್ಕೆ ಬೆಂಕಿ ಬಿತ್ತು. ಸರಕು ಇಳಿಸುವ ಕಟ್ಟೆಯ ಮೇಲೆ ಮರದ ಮಾಡು, ಹಿಂದೆ ರೈಲಿನ ಡಬ್ಬಿಗಳ ಸಾಲು. ಆ ಇಕ್ಕಟ್ಟಿನಲ್ಲಿ ನಿಂತು ನೀರು ಹಾಯಿಸುತ್ತಿದ್ದವರ ಜೊತೆಗೆ ದಳದ ಮುಖ್ಯಸ್ಥ ಜೇಮ್ಸ್ ಹೋರನ್ ಕೂಡ ಇದ್ದರು. ಗೋಡೆ ಒಮ್ಮೆಲೇ ಹೊರಕ್ಕೆ ಕುಸಿಯಿತು. ಹೋರನ್ ಸೇರಿ 21 ಅಗ್ನಿಶಾಮಕರು ಅಡಿಯಲ್ಲಿ ಸಿಕ್ಕಿ ಸತ್ತರು. ಕ್ರಿಸ್‌ಮಸ್‌ಗೆ ಮೂರು ದಿನವಿತ್ತು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದು 343 ಅಗ್ನಿಶಾಮಕರು ಸಾಯುವವರೆಗೆ, ಕಟ್ಟಡ ಕುಸಿದು ಇಷ್ಟು ಅಗ್ನಿಶಾಮಕರು ಒಮ್ಮೆಗೇ ಸತ್ತದ್ದು ಅಮೆರಿಕದಲ್ಲಿ ಬೇರೆಲ್ಲೂ ಇರಲಿಲ್ಲ. ಹಳೆಯ ಸ್ಟಾಕ್‌ಯಾರ್ಡಿನ ಕಲ್ಲಿನ ಹೆಬ್ಬಾಗಿಲ ಹಿಂದೆ ಅವರ ಸ್ಮಾರಕ ನಿಂತದ್ದು 2004ರಲ್ಲಿ, ತೊಂಬತ್ತನಾಲ್ಕು ವರ್ಷಗಳ ಬಳಿಕ.

ಹಳೆಯ ಶಾಲೆ, ಹೊಸ ನಿಯಮ

ಈ ಇತಿಹಾಸದಲ್ಲಿ ಓದಲು ಅತ್ಯಂತ ಕಷ್ಟವಾದ ಪುಟ 1958ರ ಡಿಸೆಂಬರ್ 1ರದು. ಅವರ್ ಲೇಡಿ ಆಫ್ ದಿ ಏಂಜಲ್ಸ್ ಎಂಬ ಶಾಲೆಯ ನೆಲಮಾಳಿಗೆಯಲ್ಲಿ, ಮೆಟ್ಟಿಲ ಬುಡದ ಕಸದ ಪೀಪಾಯಿಯಲ್ಲಿ ಬೆಂಕಿ ಹುಟ್ಟಿತು. ಮೆಟ್ಟಿಲಸಾಲಿಗೆ ಎರಡನೆಯ ಅಂತಸ್ತಿನಲ್ಲಿ ಬಾಗಿಲಿರಲಿಲ್ಲ; ಹೊಗೆ ನೇರವಾಗಿ ತರಗತಿಗಳ ಹೊರಗಿನ ಓಣಿಯನ್ನು ತುಂಬಿತು. ಶಾಲೆಯ ಗಂಟೆಗೆ ಅಗ್ನಿಶಾಮಕ ದಳದೊಂದಿಗೆ ಸಂಪರ್ಕವಿರಲಿಲ್ಲ. ಕೊನೆಗೆ ಹೋದ ದೂರವಾಣಿ ಕರೆಯಲ್ಲಿ ಕೊಟ್ಟ ವಿಳಾಸ ಪಕ್ಕದ ಬೀದಿಯ ಪಾದ್ರಿಗಳ ಮನೆಯದು. ಗೋಪುರದ ಕಾವಲುಗಾರನ ತಪ್ಪು ಪೆಟ್ಟಿಗೆಯ ಕಥೆ ಎಂಬತ್ತೇಳು ವರ್ಷಗಳ ನಂತರ ಮರುಕಳಿಸಿತು.

ವಾಹನ ತಿರುಗಿಸಿ ಅಗ್ನಿಶಾಮಕರು ಬಂದಾಗ ಮಕ್ಕಳು ಆಗಲೇ ಕಿಟಕಿಗಳಿಂದ ಹಾರುತ್ತಿದ್ದರು. ಅವರು ಏಣಿಗಳನ್ನು ಒರಗಿಸಿ, ಕೈಗೆ ಸಿಕ್ಕ ಮಗುವನ್ನು ಎಳೆದೆಳೆದು ಕೆಳಗಿಳಿಸಿ ನೂರಕ್ಕೂ ಹೆಚ್ಚು ಮಕ್ಕಳನ್ನು ಬದುಕಿಸಿದರು. ಆದರೂ 92 ಮಕ್ಕಳು ಮತ್ತು ಮೂವರು ಸನ್ಯಾಸಿನಿ ಶಿಕ್ಷಕಿಯರು ಉಳಿಯಲಿಲ್ಲ.

ಆ ಶಾಲೆ ಯಾವ ಕಾನೂನನ್ನೂ ಮುರಿದಿರಲಿಲ್ಲ. ಎರಡೇ ತಿಂಗಳ ಹಿಂದೆ ತಪಾಸಣೆಯಲ್ಲಿ ಅದು ತೇರ್ಗಡೆಯಾಗಿತ್ತು. ನೀರು ಚಿಮುಕಿಸುವ ವ್ಯವಸ್ಥೆ ಬೇಕೆಂಬ ನಿಯಮ ಹೊಸ ಶಾಲೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಹಳೆಯವಕ್ಕೆ ವಿನಾಯಿತಿ. ನಿಯಮ ಗೊತ್ತಿತ್ತು, ಅದರ ಕಾರಣವೂ ಗೊತ್ತಿತ್ತು. ಬೆಂಕಿ ಮಾತ್ರ ಕಟ್ಟಡದ ವಯಸ್ಸು ಕೇಳಲಿಲ್ಲ. ಇದಾದ ಬಳಿಕ ದೇಶದಾದ್ಯಂತ ಶಾಲೆಗಳ ನಿಯಮಗಳು ಬದಲಾದವು. ನಮ್ಮ ಮಕ್ಕಳು ಶಾಲೆಯಲ್ಲಿ ಸಾಲಾಗಿ ಹೊರಬರುವ ಅಭ್ಯಾಸ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದರ ಹಿಂದೆ ಆ 92 ಮಕ್ಕಳಿದ್ದಾರೆ.

ನಮ್ಮ ಊರು, ನಮ್ಮ ಅಡುಗೆಮನೆ

ಇದು ಬರಿಯ ಪರದೇಶದ ಕಥೆಯೇ? 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳೇ. 2010ರ ಫೆಬ್ರವರಿ 23ರಂದು ಅದೇ ನಗರದ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆಗೆ ಸಿಕ್ಕಿ, ಕಿಟಕಿಯಿಂದ ಹಾರಿ ಒಂಬತ್ತು ಜನ ಸತ್ತಾಗ, ಹೊರಹೋಗುವ ದಾರಿಗಳು ಮುಚ್ಚಿದ್ದವೆಂಬ ಮಾತು ಮತ್ತೆ ಕೇಳಿಬಂತು. ಇರೊಕ್ವಾಯ್ ಮಂದಿರದ ಬಾಗಿಲುಗಳನ್ನು ನಾವೂ ನಮ್ಮ ಊರಲ್ಲಿ ಕಟ್ಟಿಕೊಂಡಿದ್ದೇವೆ. ಭಾರತದಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುವುದೂ ಇಂಥದೇ ನೆನಪಿನಿಂದ. 1944ರಲ್ಲಿ ಅಂದು ಮುಂಬಯಿ ಬಂದರಿನ ಹಡಗು ಸ್ಫೋಟದಲ್ಲಿ 66 ಅಗ್ನಿಶಾಮಕರು ಸತ್ತರು.

ಅಮೆರಿಕದಲ್ಲಿ ಪ್ರತಿವರ್ಷ ಅಕ್ಟೋಬರ್ 9 ಬರುವ ವಾರವನ್ನು ಬೆಂಕಿ ತಡೆಯುವ ಸಪ್ತಾಹವೆಂದು ಆಚರಿಸುತ್ತಾರೆ. ಅದು ಶಿಕಾಗೊ ಬೆಂಕಿಯ ತಿಥಿ. ಬಹುತೇಕ ಅದೇ ಆಸುಪಾಸಿನಲ್ಲಿ ನಮ್ಮ ಮನೆಗಳಲ್ಲಿ ನವರಾತ್ರಿಯ ದೀಪಗಳೂ ದೀಪಾವಳಿಯ ಹಣತೆಗಳೂ ಬೆಳಗುತ್ತವೆ.

ಒಣಮೆಣಸಿನಕಾಯಿಯ ಒಗ್ಗರಣೆಗೆ ಚಾವಣಿಯ ಅಲಾರಂ ಕೂಗಿಕೊಳ್ಳದ ಕನ್ನಡಿಗರ ಮನೆ ಈ ದೇಶದಲ್ಲಿ ಇರಲಾರದು. ಟವೆಲ್ ಬೀಸುತ್ತೇವೆ, ಕಿಟಕಿ ತೆರೆಯುತ್ತೇವೆ. ಒಂದು ದಿನ ರೇಗಿ ಬ್ಯಾಟರಿಯನ್ನೇ ಕಿತ್ತು ಡ್ರಾಯರಿನಲ್ಲಿ ಇಡುತ್ತೇವೆ, ನಾಳೆ ಹಾಕಿದರಾಯಿತೆಂದು. ಶಿಕಾಗೊ ನಗರಸಭೆ ವಿಲಿಯಮ್ಸರಿಗೆ ಮಾಡಿದ್ದೂ, ಮೇಲಧಿಕಾರಿ ಜೆನ್ನಿಂಗ್ಸರಿಗೆ ಮಾಡಿದ್ದೂ ಇದನ್ನೇ ಅಲ್ಲವೇ? ಎಚ್ಚರಿಸುವ ದನಿ ಕಿರಿಕಿರಿಯಾಯಿತೆಂದು ಅದರ ಬಾಯಿ ಮುಚ್ಚಿದರು.

ಇನ್ನೊಂದು ಮಾತು. ಎರಡು ದುರಂತಗಳಲ್ಲಿ ಸಹಾಯ ತಡವಾದದ್ದು ವಿಳಾಸ ತಪ್ಪಿದ್ದರಿಂದ. ಊರಿನಿಂದ ಬಂದು ಆರು ತಿಂಗಳು ನಮ್ಮೊಡನಿರುವ ಅಪ್ಪ ಅಮ್ಮಂದಿರು ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುತ್ತಾರೆ. 911 ಎಂಬ ಸಂಖ್ಯೆ ಅವರಿಗೆ ಗೊತ್ತಿದೆಯೇ? ನಮ್ಮ ಮನೆಯ ವಿಳಾಸವನ್ನು ಅವರು ಹೇಳಬಲ್ಲರೇ? ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು ಎಂಬುದನ್ನು ಅವರಿಗೆ ಹೇಳಿದ್ದೇವೆಯೇ? ಇಷ್ಟನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಐದು ನಿಮಿಷ ಸಾಕು.

ಡಿ ಕೋವೆನ್ ಬೀದಿಯ ಶಾಲೆಯಲ್ಲಿ ಇಂದೂ ಹೊಸಬರು ಏಣಿ ಹತ್ತುವುದನ್ನು ಕಲಿಯುತ್ತಿರುತ್ತಾರೆ. ಕರೆದ ದಿನ ಅವರು ಖಂಡಿತ ಬರುತ್ತಾರೆ. ಅದು ಅವರ ವೃತ್ತಿ. ಬಾವಿಯನ್ನು ಮೊದಲೇ ತೋಡಿಡುವುದು ಮಾತ್ರ ನಮ್ಮ ಪಾಲಿನ ಕೆಲಸ. ಈ ಬರಹ ಓದಿ ಮುಗಿಸಿದವರು ಒಮ್ಮೆ ಎದ್ದು, ಡ್ರಾಯರಿನಲ್ಲಿರುವ ಆ ಬ್ಯಾಟರಿಯನ್ನು ಅದರ ಜಾಗಕ್ಕೆ ಸೇರಿಸಿದರೆ ಬರೆದದ್ದು ಸಾರ್ಥಕ.